ತಪ್ಪುಕಾಣಿಕೆ ಯಾರಿಗೆ ಸಲ್ಲಬೇಕು?

ನಮ್ಮ ಅಜ್ಜಿಯ ದೇವರ ಗೂಡಿನಲ್ಲಿ ಅರಿಶಿನ ಬಟ್ಟೆಯ ಪುಟ್ಟ ಗಂಟೊಂದು ಬಹಳ ಕಾಲ ಇತ್ತು. ಒಳಗಿದ್ದದ್ದು ಒಂದು ರೂಪಾಯಿ ನಾಣ್ಯ. ಅದು ತಪ್ಪುಕಾಣಿಕೆ. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಬೆಳ್ಳಿ ಲೋಟ ಕದ್ದಳೆಂದು ಅಜ್ಜಿ ಒಮ್ಮೆ ನಾಲ್ಕು ಜನರ ಎದುರು ಕೂಗಾಡಿದ್ದರು. ಆಕೆ ಅತ್ತಳು, ಮಕ್ಕಳ ಮೇಲೆ ಆಣೆ ಇಟ್ಟಳು, ಕೊನೆಗೆ ಕೆಲಸ ಬಿಟ್ಟು ಹೋದಳು. ಎರಡು ತಿಂಗಳ ಮೇಲೆ ಲೋಟ ಅಟ್ಟದಲ್ಲಿ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಅವತ್ತು ಅಜ್ಜಿ ಊಟ ಮಾಡಲಿಲ್ಲ. ದೇವರ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಂಡು "ತಪ್ಪಾಯ್ತಪ್ಪ ಸ್ವಾಮಿ, ಹೊಟ್ಟೆಗೆ ಹಾಕ್ಕೊ" ಅಂದರು. ಮುಂದಿನ ಸಲ ಧರ್ಮಸ್ಥಳಕ್ಕೆ ಹೋದಾಗ ಹುಂಡಿಗೆ ಹಾಕಲೆಂದು ನಾಣ್ಯ ಕಟ್ಟಿಟ್ಟರು. ಆ ಹೆಂಗಸಿನ ಮನೆ ನಮ್ಮ ಮನೆಯಿಂದ ಎರಡು ಗದ್ದೆ ದೂರದಲ್ಲಿತ್ತು. ಅಜ್ಜಿ ಅಲ್ಲಿಗೆ ಹೋಗಲಿಲ್ಲ.

ಅಜ್ಜಿಯ ಸಂಕಟ ಸುಳ್ಳಾಗಿರಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ದೊಡ್ಡವನಾದಂತೆಲ್ಲ ಆ ಗಂಟು ನನ್ನನ್ನು ಕಾಡುತ್ತಲೇ ಬಂತು. ಅನ್ಯಾಯವಾದದ್ದು ಒಬ್ಬರಿಗೆ, ಕ್ಷಮೆ ಕೇಳಿದ್ದು ಇನ್ನೊಬ್ಬರಲ್ಲಿ. ಇದು ನಡೆಯುತ್ತದೆಯೇ?

ಧರ್ಮಗಳು ಈ ವಿಷಯಕ್ಕೆ ಕೈಹಾಕಿದಾಗ ಎದುರಾಗುವ ತೊಡಕು ಇದೇ. ತಪ್ಪು ಮಾಡಿದವನು ಮತ್ತು ನೋವುಂಡವನು, ಇಬ್ಬರೇ ಇದ್ದರೆ ಲೆಕ್ಕ ಸರಳ: ಒಬ್ಬ ಕೇಳುತ್ತಾನೆ, ಇನ್ನೊಬ್ಬ ಕೊಡುತ್ತಾನೆ ಅಥವಾ ಕೊಡುವುದಿಲ್ಲ. ನಂಬಿಕೆ ಅಲ್ಲಿಗೆ ಮೂರನೆಯವರೊಬ್ಬರನ್ನು ಕರೆತರುತ್ತದೆ. ಕೆಲವರಿಗೆ ಅದು ದೇವರು, ಕೆಲವರಿಗೆ ಕರ್ಮದ ನಿಯಮ. ಅಲ್ಲಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಪಶ್ಚಾತ್ತಾಪ ಪಟ್ಟ ಮೇಲೆ ಕ್ಷಮೆ ಸಿಗುತ್ತದೆಯೋ, ಅಥವಾ ಕ್ಷಮೆ ಸಿಕ್ಕಿದ್ದರಿಂದಲೇ ಪಶ್ಚಾತ್ತಾಪ ಪಡಲು ಆಗುತ್ತದೆಯೋ? ಎರಡನೆಯದು ಇನ್ನೂ ಕಠಿಣ: ಕ್ಷಮಿಸುವ ಹಕ್ಕು ಯಾರದು?

ಬೇಗೆ ಮತ್ತು ತಿರುವು

ಪದಗಳನ್ನು ಬಿಡಿಸಿ ನೋಡಿದರೆ ಅರ್ಧ ದಾರಿ ಸಾಗಿದಂತೆ. ಪಶ್ಚಾತ್ತಾಪ ಎಂದರೆ ಆಮೇಲೆ ಹುಟ್ಟುವ ತಾಪ. ಮಾಡುವಾಗ ತಣ್ಣಗಿದ್ದ ಕೆಲಸ ಮಾಡಿದ ಮೇಲೆ ಸುಡುತ್ತದೆ. ಕ್ಷಮೆಯ ಮೂಲದಲ್ಲಿರುವ 'ಕ್ಷಮ್' ಧಾತುವಿಗೆ ತಾಳಿಕೊಳ್ಳುವುದು ಎಂಬ ಅರ್ಥವಿದೆ. ಅಗೆದರೂ ಉತ್ತರೂ ತಾಳಿಕೊಳ್ಳುವ ಭೂಮಿಗೆ ಸಂಸ್ಕೃತದಲ್ಲಿ 'ಕ್ಷಮಾ' ಎಂಬ ಹೆಸರೇ ಇದೆ. ಅಂದರೆ ನಾವು ಬಳಸುವ ಜೋಡಿಯಲ್ಲಿ ಒಬ್ಬ ಒಳಗೆ ಬೇಯುತ್ತಾನೆ, ಇನ್ನೊಬ್ಬ ಒಳಗೇ ಸಹಿಸುತ್ತಾನೆ. ಇಬ್ಬರೂ ಮುಖಾಮುಖಿಯಾಗಲೇಬೇಕು ಎಂದು ಈ ಪದಗಳು ಒತ್ತಾಯಿಸುವುದಿಲ್ಲ.

ಯಹೂದಿಗಳ ಹೀಬ್ರೂ ಭಾಷೆಯಲ್ಲಿ ಪಶ್ಚಾತ್ತಾಪಕ್ಕೆ ತೆಶುವಾ ಎನ್ನುತ್ತಾರೆ. ಅರಬ್ಬಿಯಲ್ಲಿ ತೌಬಾ, ನಮ್ಮ ಊರುಗಳಲ್ಲಿ ಗಾಬರಿಯಾದಾಗ ಕೇಳಿಬರುವ 'ತೋಬಾ ತೋಬಾ' ಅದೇ ಪದ. ಎರಡರ ಮೂಲಾರ್ಥವೂ ತಿರುಗಿ ಬರುವುದು, ಮರಳುವುದು. ಹೊಸ ಒಡಂಬಡಿಕೆಯ ಗ್ರೀಕ್ ಪದ ಮೆಟನೋಯಾ, ಅಂದರೆ ಮನಸ್ಸೇ ಬದಲಾಗುವುದು. ಹಳೆಯ ಕನ್ನಡ ಬೈಬಲಿನಲ್ಲಿ ಯೇಸುವಿನ ಮೊದಲ ಕರೆ "ಪರಲೋಕರಾಜ್ಯವು ಸಮೀಪಿಸಿತು, ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂದಿದೆ. ಪಶ್ಚಾತ್ತಾಪ ಎಂಬ ಸಿದ್ಧ ಪದ ಕೈಯಳತೆಯಲ್ಲಿದ್ದರೂ ಅನುವಾದಕರು ತಿರುಗುವ ಕ್ರಿಯೆಯನ್ನು ಆರಿಸಿಕೊಂಡರು. ನನಗೆ ಅದು ತುಂಬ ಯೋಚಿಸಿ ಮಾಡಿದ ಆಯ್ಕೆ ಅನ್ನಿಸುತ್ತದೆ. ಬೇಗೆಯಲ್ಲಾದರೆ ನಿಂತಲ್ಲೇ ಬೇಯಬಹುದು. ತಿರುಗಬೇಕಾದರೆ ಕಾಲು ಎತ್ತಬೇಕು, ಯಾರ ಕಡೆಗೆ ಎಂಬುದನ್ನೂ ತೀರ್ಮಾನಿಸಬೇಕು.

ದೇವರಿಗೂ ಅಧಿಕಾರವಿಲ್ಲದ ಜಾಗ

ಯಾರ ಕಡೆಗೆ ಎಂಬ ಪ್ರಶ್ನೆಗೆ ಯಹೂದಿ ಧರ್ಮದಷ್ಟು ನೇರವಾಗಿ ಉತ್ತರ ಕೊಟ್ಟವರನ್ನು ನಾನು ಕಾಣೆ. ವರ್ಷಕ್ಕೊಮ್ಮೆ ಬರುವ ಯೋಮ್ ಕಿಪ್ಪುರ್ ಅವರಿಗೆ ಪಾಪನಿವಾರಣೆಯ ದಿನ. ಇಡೀ ದಿನ ಉಪವಾಸ, ಪ್ರಾರ್ಥನೆ, ಎಲ್ಲರೂ ಸೇರಿ ಪಾಪಗಳ ಪಟ್ಟಿ ಓದಿ ಎದೆ ಬಡಿದುಕೊಳ್ಳುವುದು ಇರುತ್ತದೆ. ಆದರೆ ಸುಮಾರು 1800 ವರ್ಷ ಹಿಂದೆ ಸಂಕಲನಗೊಂಡ ಮಿಶ್ನಾ ಗ್ರಂಥ ಈ ದಿನದ ಶಕ್ತಿಗೊಂದು ಗೆರೆ ಎಳೆದಿದೆ. ಮನುಷ್ಯ ಮತ್ತು ದೇವರ ನಡುವಿನ ಪಾಪಗಳನ್ನು ಯೋಮ್ ಕಿಪ್ಪುರ್ ಕಳೆಯುತ್ತದೆ. ಮನುಷ್ಯ ಮತ್ತು ಮನುಷ್ಯನ ನಡುವಿನವನ್ನು, ನೊಂದವನನ್ನು ಸಮಾಧಾನಪಡಿಸುವ ತನಕ ಕಳೆಯುವುದಿಲ್ಲ. ಪಾಪ ಮಾಡುತ್ತೇನೆ, ಯೋಮ್ ಕಿಪ್ಪುರ್ ಹೇಗೂ ಬರುತ್ತದಲ್ಲ ಎಂದುಕೊಂಡವನಿಗೂ ಆ ದಿನ ಫಲಿಸುವುದಿಲ್ಲವೆಂದು ಅದೇ ಜಾಗದಲ್ಲಿ ಹೇಳಿದೆ.

ಇದನ್ನು ದಿನಬಳಕೆಯ ನಿಯಮವಾಗಿ ಕಟ್ಟಿಕೊಟ್ಟವನು 12ನೇ ಶತಮಾನದ ವಿದ್ವಾಂಸ ಮೈಮೊನೈಡೀಸ್. ಸ್ಪೇನಿನಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ, ವೈದ್ಯನೂ ಆಗಿದ್ದ ಈತ ಪಶ್ಚಾತ್ತಾಪದ ಮೇಲೆಯೇ ಒಂದು ಪೂರ್ತಿ ಭಾಗ ಬರೆದಿದ್ದಾನೆ. ಅವನ ಪ್ರಕಾರ, ನೊಂದವನ ಬಳಿಗೆ ಹೋಗಿ ಕ್ಷಮೆ ಕೇಳಬೇಕು. ಹಣ ಬಾಕಿಯಿದ್ದರೆ ಮೊದಲು ಅದನ್ನು ತೀರಿಸಬೇಕು, ಆದರೆ ತೀರಿಸಿದ ಮಾತ್ರಕ್ಕೆ ಮುಗಿಯಲಿಲ್ಲ, ಕೇಳಲೇಬೇಕು. ಅವನು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಬೇಕು. ಎರಡನೆಯ ಸಲ, ಮೂರನೆಯ ಸಲ ಹೋಗಬೇಕು. ಅಷ್ಟಾದರೂ ಒಪ್ಪದಿದ್ದರೆ ಬಿಟ್ಟು ಬರಬಹುದು. ಆಗ ತಪ್ಪು ಕ್ಷಮಿಸದವನ ತಲೆಗೆ ಹೋಗುತ್ತದೆ. ನೊಂದವರು ಗುರುಗಳಾಗಿದ್ದರೆ ಮಾತ್ರ ಮೂರರ ಮಿತಿ ಇಲ್ಲ, ಸಾವಿರ ಸಲವಾದರೂ ಹೋಗಬೇಕು. ನೊಂದವನು ತೀರಿಕೊಂಡಿದ್ದರೆ? ಹತ್ತು ಜನರನ್ನು ಅವನ ಸಮಾಧಿಯ ಬಳಿಗೆ ಕರೆದೊಯ್ದು, ಅವರೆದುರು ನಿಂತು, ದೇವರಿಗೂ ಈ ಮನುಷ್ಯನಿಗೂ ನಾನು ಇಂಥ ಅಪರಾಧ ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ಸಾಲವಿದ್ದರೆ ಅವನ ವಾರಸುದಾರರಿಗೆ ಕೊಡಬೇಕು.

ಈ ಹತ್ತು ಜನರ ವಿಷಯ ಮೊದಲ ಬಾರಿ ಓದಿದಾಗ ನನಗೆ ಗಂಟಲು ಕಟ್ಟಿತು. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಆ ಹೆಂಗಸೂ ಇರಲಿಲ್ಲ. ಅವಮಾನ ನಾಲ್ಕು ಜನರ ಎದುರು ಆಗಿತ್ತು. ತಿದ್ದಿಕೊಳ್ಳುವುದೂ ಜನರ ಎದುರೇ ಆಗಬೇಕಿತ್ತು.

ಮೈಮೊನೈಡೀಸ್ ಇನ್ನೊಂದು ಒರೆಗಲ್ಲನ್ನೂ ಕೊಡುತ್ತಾನೆ. ಪೂರ್ಣವಾದ ಪಶ್ಚಾತ್ತಾಪ ಯಾವುದು? ಅದೇ ತಪ್ಪನ್ನು ಮತ್ತೆ ಮಾಡುವ ಅವಕಾಶ ಒದಗಿ ಬಂದು, ಮಾಡುವ ಶಕ್ತಿಯೂ ಇದ್ದು, ಹೆದರಿಕೆಯಿಂದಲ್ಲ, ನಿತ್ರಾಣದಿಂದಲೂ ಅಲ್ಲ, ಪಶ್ಚಾತ್ತಾಪದಿಂದಲೇ ಅದನ್ನು ಮಾಡದೆ ಉಳಿದರೆ ಅದು ಪೂರ್ಣ. ಕಣ್ಣೀರನ್ನು ಅವನು ಅಳತೆಯಾಗಿ ಬಳಸಿಲ್ಲ.

ಇಸ್ಲಾಂ ಇದಕ್ಕೆ ತುಂಬ ಹತ್ತಿರದಲ್ಲಿದೆ. 13ನೇ ಶತಮಾನದ ವಿದ್ವಾಂಸ ಇಮಾಮ್ ನವವಿ ತೌಬಾದ ಷರತ್ತುಗಳನ್ನು ಸ್ಪಷ್ಟವಾಗಿ ವಿಂಗಡಿಸಿದ್ದಾರೆ. ಪಾಪ ದೇವರಿಗೆ ಮಾತ್ರ ಸಂಬಂಧಿಸಿದ್ದಾದರೆ ಷರತ್ತುಗಳು ಮೂರು: ಅದನ್ನು ಬಿಟ್ಟುಬಿಡಬೇಕು, ಮಾಡಿದ್ದಕ್ಕೆ ಮರುಗಬೇಕು, ಮತ್ತೆ ಮಾಡುವುದಿಲ್ಲವೆಂದು ದೃಢವಾಗಿ ನಿಶ್ಚಯಿಸಬೇಕು. ಇನ್ನೊಬ್ಬ ಮನುಷ್ಯನ ಹಕ್ಕು ಅದರಲ್ಲಿ ಸೇರಿದ್ದರೆ ನಾಲ್ಕನೆಯದೂ ಬೇಕು, ಆ ಹಕ್ಕನ್ನು ಅವನಿಗೆ ಹಿಂದಿರುಗಿಸಬೇಕು ಅಥವಾ ಅವನಿಂದ ಮಾಫಿ ಪಡೆಯಬೇಕು. ಕ್ಯಾಥೋಲಿಕ್ ಚರ್ಚಿನಲ್ಲಿ ಪಾಪನಿವೇದನೆ ಕೇಳಿ ಪಾದ್ರಿ ದೇವರ ಹೆಸರಿನಲ್ಲಿ ಕ್ಷಮೆ ನೀಡುತ್ತಾರೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಇದನ್ನು ಕುಮ್ಸಾರ್ ಅನ್ನುತ್ತಾರೆ. ಪಾದ್ರಿ ಕ್ಷಮೆ ನೀಡಿದರೆ ಎಲ್ಲ ಮುಗಿಯಿತೆಂದು ಹೊರಗಿನವರು ಭಾವಿಸುವುದುಂಟು. ಆ ಚರ್ಚಿನ ಬೋಧನೆ ಹಾಗಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂಬ ಹೊಣೆ ಪಾಪಕ್ಷಮೆಯ ನಂತರವೂ ಉಳಿದೇ ಇರುತ್ತದೆ.

ಮೊದಲು ಓಡಿ ಬಂದವರು

ಇಷ್ಟು ಓದಿದವರಿಗೆ, ಮೊದಲು ಪಶ್ಚಾತ್ತಾಪ, ಆಮೇಲೆ ಕ್ಷಮೆ, ಇದೇ ಎಲ್ಲ ಧರ್ಮಗಳ ಕ್ರಮ ಎನ್ನಿಸಬಹುದು. ಆದರೆ ಇದೇ ಧರ್ಮಗಳ ಒಳಗೆ ಇದನ್ನು ತಿರುವುಮುರುವು ಮಾಡುವ ಕಥೆಗಳಿವೆ. ಅವನ್ನು ನಾನು ನಿಯಮಗಳಿಗಿಂತ ಹೆಚ್ಚು ಪ್ರೀತಿಸುತ್ತೇನೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆ ಬಹಳ ಜನಕ್ಕೆ ಗೊತ್ತು. ಕಿರಿಯ ಮಗ ತನ್ನ ಪಾಲಿನ ಆಸ್ತಿ ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲವನ್ನೂ ಹಾಳುಮಾಡುತ್ತಾನೆ. ಬರಗಾಲ ಬಂದು, ಹಂದಿ ಮೇಯಿಸುತ್ತ, ಹಂದಿಗಳ ತಿನಿಸಿಗೂ ಆಸೆಪಡುವ ಸ್ಥಿತಿಗೆ ಇಳಿಯುತ್ತಾನೆ. ಆಗ ಊರಿಗೆ ಮರಳಲು ನಿರ್ಧರಿಸಿ, ಅಪ್ಪನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ: ಪರಲೋಕಕ್ಕೂ ನಿನಗೂ ವಿರುದ್ಧವಾಗಿ ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ನಾನು ಯೋಗ್ಯನಲ್ಲ, ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ. ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡು ಓಡಿ ಬರುತ್ತಾನೆ, ಅಪ್ಪಿಕೊಂಡು ಮುದ್ದಿಡುತ್ತಾನೆ. ಮಗ ಇನ್ನೂ ಬಾಯಿ ತೆರೆದಿರುವುದಿಲ್ಲ. ಆಮೇಲೆ ಹೇಳಲು ಶುರುಮಾಡಿದರೂ ಮೂರನೆಯ ಮಾತಿನ ತನಕ ತಲುಪುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಒಳ್ಳೆಯ ನಿಲುವಂಗಿ, ಉಂಗುರ, ಕೆರ ತರಲು ಆಳುಗಳಿಗೆ ಹೇಳಿಯಾಗಿರುತ್ತದೆ. ಕೂಲಿಯಾಳಾಗಿ ಇಟ್ಟುಕೋ ಎಂಬ ಮಾತು ಮಗನ ಗಂಟಲಲ್ಲೇ ಉಳಿಯುತ್ತದೆ.

ಮಗ ಊರ ಕಡೆ ತಿರುಗಿದ್ದು ನಿಜ, ಆದರೆ ಹಸಿವಿನಿಂದ. ಅವನ ತಲೆಯಲ್ಲಿದ್ದದ್ದು ಊಟ ಮತ್ತು ಕೂಲಿಯ ಲೆಕ್ಕ. ಅಪ್ಪನ ಓಟ ಆ ಲೆಕ್ಕವನ್ನು ಮುರಿದ ಮೇಲೆಯೇ ಅವನು ಮತ್ತೆ ಮಗನಾಗಲು ಸಾಧ್ಯವಾದದ್ದು. ಇಲ್ಲಿ ಕ್ಷಮೆ ಪಶ್ಚಾತ್ತಾಪದ ಸಂಬಳವಲ್ಲ, ಅದು ಬೆಳೆಯಲು ಬೇಕಾದ ನೆಲ. ನಾಲ್ಕು ಅಧ್ಯಾಯ ದಾಟಿದರೆ ಜಕ್ಕಾಯನೆಂಬ ಸುಂಕದ ಅಧಿಕಾರಿ ಸಿಗುತ್ತಾನೆ. ಊರೆಲ್ಲ ಬೈಯುವ ಆ ಮನುಷ್ಯನಿಗೆ ಯೇಸು ಮೊದಲು ಹೇಳುವುದು, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದು. ಆಮೇಲೆ ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ.

ಇನ್ನೊಂದು ಕಥೆ ಮದೀನಾದ್ದು. ಕ್ರಿಸ್ತಶಕ 630ರಲ್ಲಿ ಪ್ರವಾದಿ ಮುಹಮ್ಮದರು ತಬೂಕಿನ ದಂಡಯಾತ್ರೆಗೆ ಹೊರಟರು. ಸುಡುಬೇಸಿಗೆ, ದೂರದ ದಾರಿ. ಇತ್ತ ತೋಟದಲ್ಲಿ ಹಣ್ಣು ಮಾಗಿ ನೆರಳು ಹಿತವಾಗಿದ್ದ ಕಾಲ. ಕಅಬ್ ಇಬ್ನ್ ಮಾಲಿಕ್ ಎಂಬ ಅನುಯಾಯಿ ಇವತ್ತು ಹೊರಟೇನು, ನಾಳೆ ಹೊರಟೇನು ಅನ್ನುತ್ತ ಊರಲ್ಲೇ ಉಳಿದುಬಿಟ್ಟ. ಪ್ರವಾದಿ ಮರಳಿದಾಗ ಎಂಬತ್ತಕ್ಕೂ ಹೆಚ್ಚು ಜನ ಒಂದೊಂದು ನೆಪ ಹೇಳಿದರು. ಅವರ ಮಾತನ್ನು ಅವರು ಹೇಳಿದಂತೆಯೇ ಸ್ವೀಕರಿಸಲಾಯಿತು. ಕಅಬ್ ಮಾತ್ರ ನಿಜ ಹೇಳಿದ: ನನ್ನಲ್ಲಿ ಯಾವ ಕಾರಣವೂ ಇರಲಿಲ್ಲ. ಅವನಿಗೂ ಅವನಂತೆಯೇ ನಿಜ ಹೇಳಿದ ಇನ್ನಿಬ್ಬರಿಗೂ ಬಹಿಷ್ಕಾರವಾಯಿತು. ಯಾರೂ ಮಾತಾಡುವಂತಿಲ್ಲ. ಪ್ರೀತಿಯ ದಾಯಾದಿಯ ತೋಟದ ಗೋಡೆ ಹತ್ತಿ ಸಲಾಂ ಹೇಳಿದರೂ ಉತ್ತರ ಬರಲಿಲ್ಲ. ಈ ನಡುವೆ ಗಸ್ಸಾನಿನ ಅರಸನಿಂದ, ನಿನ್ನ ಒಡೆಯ ನಿನಗೆ ಅನ್ಯಾಯ ಮಾಡಿದ್ದಾನಂತೆ, ನಮ್ಮಲ್ಲಿಗೆ ಬಾ ಎಂಬ ಪತ್ರ ಬಂತು. ಕಅಬ್ ಅದನ್ನು ಒಲೆಗೆ ಹಾಕಿದ. ನಲವತ್ತು ದಿನಗಳ ನಂತರ ಹೆಂಡತಿಯಿಂದಲೂ ದೂರವಿರಬೇಕೆಂಬ ಆಜ್ಞೆಯಾಯಿತು.

ಐವತ್ತನೆಯ ಬೆಳಗಿನ ಜಾವ ಅವನು ಮನೆಯ ಮಾಳಿಗೆಯ ಮೇಲೆ ಕೂತಿದ್ದಾಗ ಬೆಟ್ಟದ ಮೇಲಿಂದ ಯಾರೋ ಕೂಗಿದರು: ಕಅಬ್, ಸಂತೋಷಪಡು! ಅವನು ಮಸೀದಿಗೆ ಹೋದಾಗ ತಲ್ಹಾ ಎಂಬಾತ ಎದ್ದು ಓಡಿ ಬಂದು ಕೈಹಿಡಿದ. ಅದನ್ನು ಕಅಬ್ ಬದುಕಿಡೀ ಮರೆಯಲಿಲ್ಲ. ಆಗ ಇಳಿದ ವಚನ ಕುರ್‌ಆನಿನ 9ನೇ ಅಧ್ಯಾಯದ 118ನೆಯದು. ವಿಶಾಲವಾದ ಭೂಮಿಯೇ ಆ ಮೂವರಿಗೆ ಇಕ್ಕಟ್ಟಾಯಿತು, ಅವರ ಪ್ರಾಣಗಳೇ ಅವರಿಗೆ ಇಕ್ಕಟ್ಟಾದವು ಎಂದು ಹೇಳಿ, ವಚನ ಹೀಗೆ ಮುಂದುವರಿಯುತ್ತದೆ: ಆಮೇಲೆ ಅಲ್ಲಾಹನು ಅವರತ್ತ ತಿರುಗಿದನು, ಅವರು ತಿರುಗುವಂತಾಗಲೆಂದು. ಮನುಷ್ಯ ಮಾಡುವ ತೌಬಾಕ್ಕೂ ದೇವರು ತಿರುಗುವುದಕ್ಕೂ ಇಲ್ಲಿರುವುದು ಒಂದೇ ಕ್ರಿಯಾಪದ. ದೇವರ ತಿರುವು ಮೊದಲು ಬರುತ್ತದೆ.

ಹಾಗಾದರೆ ಮೊದಲಿನ ನಿಯಮಗಳು ಸುಳ್ಳೇ? ಅಲ್ಲ. ಐವತ್ತು ದಿನಗಳ ಒಂಟಿತನವನ್ನು ಕಅಬ್ ಸವೆಸಲೇಬೇಕಾಯಿತು. ನೆಪ ಹೇಳಿದವರಿಗೆ ಅದು ಬರಲಿಲ್ಲ, ಆ ವಚನವೂ ಬರಲಿಲ್ಲ. ನಿಜ ಹೇಳಿ ಪೆಟ್ಟು ತಿಂದವನಿಗೆ ಮಾತ್ರ ಎದುರಿನಿಂದ ಓಡಿ ಬರುವವರು ಕಂಡರು. ಪಶ್ಚಾತ್ತಾಪ ಕ್ಷಮೆಯನ್ನು ಕೊಂಡುಕೊಳ್ಳುವುದಿಲ್ಲ, ಅದನ್ನು ಕಾಣುವ ದಿಕ್ಕಿಗೆ ಮನುಷ್ಯನನ್ನು ನಿಲ್ಲಿಸುತ್ತದೆ. ನಾನು ಅರ್ಥಮಾಡಿಕೊಂಡಿರುವುದು ಹೀಗೆ.

ಕೊಂಡುಕೊಳ್ಳಬಹುದೆಂಬ ಭ್ರಮೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಯುರೋಪಿನ ಚರಿತ್ರೆ ಸಾಕ್ಷಿ. ಮೆಟನೋಯಾಗೆ ಲ್ಯಾಟಿನ್ ಬೈಬಲಿನಲ್ಲಿ ಬಳಸಿದ ಮಾತನ್ನು ಜನ 'ಪ್ರಾಯಶ್ಚಿತ್ತ ಮಾಡಿರಿ' ಎಂದೇ ಅರ್ಥಮಾಡಿಕೊಳ್ಳುತ್ತಿದ್ದರು. 1215ರಲ್ಲಿ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ ಬಂತು. ಪಾದ್ರಿ ವಿಧಿಸಿದ ಪ್ರಾಯಶ್ಚಿತ್ತದಲ್ಲಿ ವಿನಾಯಿತಿ ಕೊಡುವ ಪತ್ರಗಳು ಕ್ರಮೇಣ ದುಡ್ಡಿಗೆ ಸಿಗತೊಡಗಿದವು. ರೋಮಿನ ಸಂತ ಪೇತ್ರರ ಮಹಾಲಯ ಕಟ್ಟಲು ಜರ್ಮನಿಯಲ್ಲಿ ಅವನ್ನು ಮಾರುತ್ತಿದ್ದರು. ಆ ಪತ್ರ ಪಾಪವನ್ನು ಅಳಿಸುವುದಿಲ್ಲ, ಅದರ ಶಿಕ್ಷೆಯನ್ನಷ್ಟೇ ಕಡಿಮೆ ಮಾಡುತ್ತದೆ ಎಂಬುದು ಚರ್ಚಿನ ಅಧಿಕೃತ ನಿಲುವು. ಸಂತೆಯಲ್ಲಿ ಕೊಂಡವರಿಗೆ ಆ ಸೂಕ್ಷ್ಮ ಯಾರು ಹೇಳಬೇಕು? 1516ರಲ್ಲಿ ಎರಾಸ್ಮಸ್ ಎಂಬ ವಿದ್ವಾಂಸ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಚ್ಚು ಹಾಕಿಸಿದ. ಮರುವರ್ಷ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಬರೆದ 95 ನಿರೂಪಣೆಗಳಲ್ಲಿ ಮೊದಲನೆಯದೇ ಈ ಪದದ ಬಗ್ಗೆ: ಯೇಸು ಹೀಗೆ ಹೇಳಿದಾಗ ಭಕ್ತರ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂದು ಬಯಸಿದನು. ಒಂದು ಖಂಡದ ಧರ್ಮ ಇಬ್ಭಾಗವಾದದ್ದು ಹೀಗೆ, ಪಶ್ಚಾತ್ತಾಪ ಒಂದು ವಿಧಿಯೋ ಒಂದು ತಿರುವೋ ಎಂಬ ಜಗಳದಿಂದ ಶುರುವಾಗಿ.

ಇದರ ಇನ್ನೊಂದು ತುದಿಯಲ್ಲೂ ಅಪಾಯವಿದೆ, ಅದು ನಮ್ಮ ಮನೆಗಳಿಗೆ ಹತ್ತಿರದ್ದು. ಕುಡಿದು ಹೊಡೆಯುವ ಗಂಡ ಬೆಳಗ್ಗೆ ಕಾಲಿಗೆ ಬೀಳುತ್ತಾನೆ. ಹಿರಿಯರು ಸೇರಿ ಹೆಂಡತಿಗೆ ಹೇಳುತ್ತಾರೆ: "ತಪ್ಪಾಯ್ತು ಅಂದನಲ್ಲಮ್ಮ, ಇನ್ನೇನು? ಕ್ಷಮಿಸೋದು ದೊಡ್ಡ ಗುಣ, ಹೊಟ್ಟೆಗೆ ಹಾಕ್ಕೊಂಡು ಹೋಗು." ಗುಡಿ, ಚರ್ಚು, ಮಸೀದಿ, ಬಸದಿ, ಎಲ್ಲ ಕಡೆಯ ಹಿರಿಯರೂ ಈ ಮಾತನ್ನು ಆಡುತ್ತಾರೆ. ಆಡುವಾಗ ಅವರು ಸಾಲ ಕೊಟ್ಟವಳ ಪರವಾಗಿ ಸಾಲ ಮನ್ನಾ ಮಾಡುತ್ತಿರುತ್ತಾರೆ. ದೇವರ ಓಟವನ್ನು ಮನುಷ್ಯರ ಮೇಲೆ, ಅದರಲ್ಲೂ ಪೆಟ್ಟು ತಿಂದವರ ಮೇಲೆ ಕಡ್ಡಾಯವಾಗಿ ಹೇರುವುದು ಕ್ರೌರ್ಯ ಎಂದು ನಾನು ನಂಬುತ್ತೇನೆ. ಮೂರು ಸಲ ಕೇಳಿದರೂ ಕ್ಷಮಿಸದವನೇ ತಪ್ಪಿತಸ್ಥ ಎಂಬ ಮೈಮೊನೈಡೀಸನ ಮಾತನ್ನೂ ಹೀಗೆ ದುರುಪಯೋಗಪಡಿಸಬಹುದು. ಆದರೆ ಹಿಂದಿರುಗಿಸುವುದು, ಬದಲಾಗುವುದು ಅವನ ವ್ಯವಸ್ಥೆಯ ಭಾಗ. ಇನ್ನೂ ಮುಂದೆ, 16ನೇ ಶತಮಾನದ ಪೋಲೆಂಡಿನ ರಬ್ಬಿ ಮೋಸೆಸ್ ಇಸರ್ಲೆಸ್ ಒಂದು ವಿನಾಯಿತಿ ಸೇರಿಸಿದರು: ಯಾರಾದರೂ ನಿನ್ನ ಮೇಲೆ ಸುಳ್ಳು ಅಪವಾದ ಹೊರಿಸಿ ಹೆಸರು ಕೆಡಿಸಿದ್ದರೆ ನೀನು ಕ್ಷಮಿಸಲೇಬೇಕೆಂದಿಲ್ಲ. ಆ ಅಪವಾದ ಕೇಳಿದವರೆಲ್ಲ ಅದು ಸುಳ್ಳೆಂದು ಕೇಳಿರುವುದಿಲ್ಲ. ಲೋಟದ ಕಥೆಯ ಹೆಂಗಸಿಗೆ ಈ ಸಾಲು ಗೊತ್ತಿದ್ದರೆ ಎಂದು ನನಗೆ ಅನ್ನಿಸುತ್ತದೆ.

ಕ್ಷಮಿಸುವ ದೇವರಿಲ್ಲದಾಗ

ನಮ್ಮ ನೆಲದ ಪರಂಪರೆಗಳಿಗೆ ಬಂದರೆ ಪ್ರಶ್ನೆಯ ಆಕಾರವೇ ಬದಲಾಗುತ್ತದೆ. ಕರ್ಮದ ಫಲ ಅನುಭವಿಸಿಯೇ ತೀರಬೇಕಾದರೆ ಕ್ಷಮೆಗೆ ಎಲ್ಲಿ ಜಾಗ?

ಧರ್ಮಶಾಸ್ತ್ರಗಳು ಪ್ರಾಯಶ್ಚಿತ್ತದ ದಾರಿ ಹಿಡಿದವು. ಮನುಸ್ಮೃತಿಯ 11ನೇ ಅಧ್ಯಾಯ ಪಾಪವನ್ನು ಹೇಳಿಕೊಳ್ಳುವುದರಿಂದ, ಅನುತಾಪದಿಂದ, ತಪಸ್ಸಿನಿಂದ, ಅಧ್ಯಯನದಿಂದ ಪಾಪಿ ಬಿಡುಗಡೆ ಹೊಂದುತ್ತಾನೆ ಎನ್ನುತ್ತದೆ. ಇನ್ನು ಹೀಗೆ ಮಾಡೆನೆಂದು ನಿವೃತ್ತನಾದವನೇ ಶುದ್ಧನೆಂದೂ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಅದೇ ಅಧ್ಯಾಯ ಕೊಲೆಯ ಪ್ರಾಯಶ್ಚಿತ್ತವನ್ನು ಸತ್ತವನ ವರ್ಣ ನೋಡಿ ಅಳೆಯುತ್ತದೆ. ಬ್ರಾಹ್ಮಣನನ್ನು ಕೊಂದರೆ ವಿಧಿಸಿದ್ದರಲ್ಲಿ ಕ್ಷತ್ರಿಯನಿಗೆ ಕಾಲುಭಾಗ, ವೈಶ್ಯನಿಗೆ ಎಂಟನೆಯ ಒಂದು ಭಾಗ, ಶೂದ್ರನಿಗೆ ಹದಿನಾರನೆಯ ಒಂದು ಭಾಗ. ಪಶ್ಚಾತ್ತಾಪ ನೊಂದವನ ಮುಖ ನೋಡದೆ ಪಾಪಿಯ ಶುದ್ಧಿಯನ್ನಷ್ಟೇ ನೋಡಿದಾಗ ಇಂಥ ಲೆಕ್ಕ ಸಾಧ್ಯವಾಗುತ್ತದೆ. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರಾ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ಮೂರು ಭಾಗಗಳಲ್ಲಿ ಒಂದು ಪೂರ್ತಿ ಭಾಗ ಪ್ರಾಯಶ್ಚಿತ್ತಕ್ಕೇ ಮೀಸಲು. ವ್ಯಾಜ್ಯ, ಸಾಲ, ಪಾಲು ಇವೆಲ್ಲ ಬೇರೆ ಭಾಗದಲ್ಲಿವೆ. ಪಾಪದ ಶುದ್ಧಿ ಒಂದು ಕಡೆ, ನೊಂದವನಿಗೆ ನ್ಯಾಯ ಇನ್ನೊಂದು ಕಡೆ.

ಬೌದ್ಧರಲ್ಲಿ ಬರುವ ಕೊಲೆಗಡುಕ ಅಂಗುಲಿಮಾಲನ ಕಥೆಯನ್ನು ನಾವು ಸಾಮಾನ್ಯವಾಗಿ ಅವನು ಬುದ್ಧನಿಗೆ ಶರಣಾದಲ್ಲಿಗೆ ನಿಲ್ಲಿಸುತ್ತೇವೆ. ಪಾಳಿ ಸೂತ್ರ ಮುಂದುವರಿಯುತ್ತದೆ. ಭಿಕ್ಷೆಗೆ ಹೋದ ಅಂಗುಲಿಮಾಲನಿಗೆ ಕಲ್ಲು, ದೊಣ್ಣೆಯ ಪೆಟ್ಟು ಬೀಳುತ್ತವೆ. ತಲೆ ಒಡೆದು, ಪಾತ್ರೆ ಚೂರಾಗಿ, ರಕ್ತ ಸುರಿಸುತ್ತ ಬಂದವನಿಗೆ ಬುದ್ಧ ಹೇಳುವುದು, ತಾಳಿಕೋ, ನರಕದಲ್ಲಿ ಬಹುಕಾಲ ಬೇಯಬೇಕಿದ್ದ ಕರ್ಮದ ಫಲವನ್ನು ಇಲ್ಲೇ ಅನುಭವಿಸುತ್ತಿದ್ದೀಯೆ ಎಂದು. ಅವನು ನಿಜವಾಗಿ ಬದಲಾಗಿದ್ದಾನೆ. ಆದರೂ ಜನ ಅವನನ್ನು ಕ್ಷಮಿಸಲಿ ಎಂದು ಬುದ್ಧ ಊರಿಗೆ ಹೇಳಿಕಳಿಸುವುದಿಲ್ಲ.

ಜೈನರು ಈ ಗಂಟನ್ನು ಬಿಚ್ಚಿದ ರೀತಿ ನನಗೆ ಎಲ್ಲಕ್ಕಿಂತ ಹೊಸದಾಗಿ ಕಂಡಿತು. ತೀರ್ಥಂಕರರು ಶಿಕ್ಷಿಸುವುದೂ ಇಲ್ಲ, ಕ್ಷಮಿಸುವುದೂ ಇಲ್ಲ. ಹಾಗಾಗಿ ಕ್ಷಮೆಯ ಪೂರ್ತಿ ಕೆಲಸ ಜೀವಜೀವಗಳ ನಡುವೆಯೇ ನಡೆಯಬೇಕು. ಭಾದ್ರಪದದಲ್ಲಿ ನಮ್ಮ ಬಸದಿಗಳಲ್ಲಿ ನಡೆಯುವ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯದು. ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಜೈನರ ಶ್ವೇತಾಂಬರ ಪಂಥದವರು ಪರ್ಯುಷಣ ಪರ್ವದ ಕೊನೆಯ ದಿನ ಸಂವತ್ಸರಿಯಂದು ಒಬ್ಬರಿಗೊಬ್ಬರು 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ಇದನ್ನು 'ನನ್ನನ್ನು ಕ್ಷಮಿಸಿ' ಎಂದೇ ಬಹಳ ಜನ ತಿಳಿದಿದ್ದಾರೆ. ಆ ಪ್ರಾಕೃತ ಮಾತಿನ ಅಕ್ಷರಾರ್ಥ 'ನನ್ನ ದುಷ್ಕೃತ್ಯ ಮಿಥ್ಯೆಯಾಗಲಿ', ಅಂದರೆ ನಾನು ಮಾಡಿದ ಕೆಟ್ಟದ್ದು ಹುಸಿಹೋಗಲಿ. ಜೊತೆಗೆ ಮಾಡುವ ಪ್ರತಿಕ್ರಮಣ ಎಂಬ ಪದಕ್ಕೆ ಹಿಂದಕ್ಕೆ ಹೆಜ್ಜೆ ಇಡುವುದು ಎಂದರ್ಥ. ತೆಶುವಾ, ತೌಬಾಗಳ ಮರಳುವಿಕೆ ಇಲ್ಲೂ ಇದೆ. ದಾರಿಯಲ್ಲಿ ತುಳಿದ ಬೀಜ, ಹಸಿರು, ಇಬ್ಬನಿ, ಒಂದಿಂದ್ರಿಯದಿಂದ ಐದಿಂದ್ರಿಯದ ತನಕದ ಎಲ್ಲ ಜೀವಗಳ ಹೆಸರು ಹಿಡಿದು ತಪ್ಪು ಒಪ್ಪಿಕೊಳ್ಳುತ್ತಾರೆ.

ಇಲ್ಲಿ ಕ್ಷಮಿಸುವವನಿಗೂ ಅವನದೇ ಕಾರಣವಿದೆ. ಕ್ರೋಧ ಒಂದು ಕಷಾಯ, ಆತ್ಮಕ್ಕೆ ಕರ್ಮವನ್ನು ಅಂಟಿಸುವ ಗೋಂದು. ಎದುರಿನವನು ಪಶ್ಚಾತ್ತಾಪ ಪಡಲಿ ಬಿಡಲಿ, ಕ್ರೋಧ ಬಿಡುವುದು ನನ್ನ ಆತ್ಮದ ಕೆಲಸ. ಎದುರಿನವನು ಕ್ಷಮಿಸಲಿ ಬಿಡಲಿ, ಪ್ರತಿಕ್ರಮಣ ನನ್ನ ಕೆಲಸ. ಕ್ಷಮೆ ಮತ್ತು ಪಶ್ಚಾತ್ತಾಪ ಒಂದಕ್ಕೊಂದು ಷರತ್ತಾಗದೆ ಅಕ್ಕಪಕ್ಕದಲ್ಲಿ ನಡೆಯುತ್ತವೆ. ನನ್ನ ಜೈನ ಗೆಳತಿಯೊಬ್ಬಳು ಆ ದಿನ ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಸಂದೇಶ ಕಳಿಸುತ್ತಾಳೆ. ಅದು ಸಂಜೆಯ ಕೆಲಸ. ಬೆಳಗ್ಗೆ ಮಾತ್ರ ಆ ವರ್ಷ ಯಾರ ಜೊತೆ ನಿಜವಾಗಿ ಮಾತು ಮುರಿದಿದೆಯೋ ಅವರಿಗೆ ಫೋನ್ ಮಾಡುತ್ತಾಳೆ. ಒಂದು ವರ್ಷ ಆ ಪಟ್ಟಿಯಲ್ಲಿ ನಾನಿದ್ದೆ. ಫೋನ್ ಎತ್ತಿಕೊಂಡ ನನಗೆ ಮೊದಲ ಒಂದು ನಿಮಿಷ ಮಾತೇ ಹೊರಡಲಿಲ್ಲ.

ಒಂದು ಬಂಡೆಯ ಮೇಲೆ ಇಲ್ಲದ ಸಾಲು

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಡದಲ್ಲಿ, ಕಾಳಿಯ ಗುಡಿಯ ಮಾಡು ಕುಸಿಯಿತು. ತೆರವು ಮಾಡುವಾಗ ದೇವಿಯ ಪೀಠವಾಗಿ ಬಳಸಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅಶೋಕನ ಶಾಸನ. ಚರಿತ್ರೆಯಲ್ಲಿ ಪಶ್ಚಾತ್ತಾಪಕ್ಕೆ ಅಶೋಕನಿಗಿಂತ ದೊಡ್ಡ ಹೆಸರಿಲ್ಲ. ಪಟ್ಟಕ್ಕೆ ಬಂದ ಎಂಟು ವರ್ಷಕ್ಕೆ ಕಳಿಂಗವನ್ನು ಗೆದ್ದದ್ದು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ್ದು, ಒಂದು ಲಕ್ಷ ಜನ ಹತರಾದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು, ಅದಕ್ಕಾಗಿ ತನಗಾದ ಅನುತಾಪ, ಎಲ್ಲವನ್ನೂ ಅವನೇ ತನ್ನ ಇನ್ನೊಂದು ಶಾಸನದಲ್ಲಿ ಬರೆಸಿದ್ದಾನೆ. ಅಪಕಾರ ಮಾಡಿದವನನ್ನೂ ಕ್ಷಮಿಸಲು ಸಾಧ್ಯವಿರುವಷ್ಟು ಕ್ಷಮಿಸಬೇಕು ಎಂಬ ಮಾತೂ ಅಲ್ಲೇ ಇದೆ. ಅದರ ಬೆನ್ನಿಗೇ ಕಾಡಿನ ಜನರಿಗೊಂದು ಎಚ್ಚರಿಕೆಯಿದೆ: ಅನುತಾಪದಲ್ಲಿದ್ದರೂ ಅರಸನಿಗೆ ಶಕ್ತಿಯಿದೆ, ಕೊಲ್ಲಲ್ಪಡದಂತೆ ನೀವು ನಾಚಿ ತಿದ್ದಿಕೊಳ್ಳಿ.

ಅಶೋಕನ ಹದಿನಾಲ್ಕು ಬಂಡೆಶಾಸನಗಳಲ್ಲಿ ಇದು 13ನೆಯದು. ಗುಜರಾತಿನ ಗಿರ್ನಾರ್, ಉತ್ತರಾಖಂಡದ ಕಾಲ್ಸಿ, ಈಗ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿ ಮತ್ತು ಮಾನ್ಸೆಹ್ರಾ, ಆಂಧ್ರದ ಎರ್ರಗುಡಿ, ಇಲ್ಲೆಲ್ಲ ಅದು ಸಿಗುತ್ತದೆ. ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲೂ ಅದರ ಭಾಗ ಸಿಕ್ಕಿದೆ. ಕಳಿಂಗದೊಳಗೆ ಅಶೋಕನ ಶಾಸನಗಳಿರುವುದು ಧೌಲಿ ಮತ್ತು ಜೌಗಡದಲ್ಲಿ. ಅಲ್ಲಿ 10ನೆಯ ಶಾಸನದ ತನಕ ಕೆತ್ತಿ, 11, 12, 13ನ್ನು ಬಿಟ್ಟು, 14ಕ್ಕೆ ಹೋಗಿದ್ದಾರೆ. ಬಿಟ್ಟ ಜಾಗಕ್ಕೆ ಎರಡು ಪ್ರತ್ಯೇಕ ಶಾಸನಗಳನ್ನು ಸೇರಿಸಿದ್ದಾರೆ. ಸನ್ನತಿಯ ಚಪ್ಪಡಿಯಲ್ಲಿರುವುದೂ ಅದೇ ಎರಡು ಪ್ರತ್ಯೇಕ ಶಾಸನಗಳು, ಜೊತೆಗೆ 12 ಮತ್ತು 14. ಕಳಿಂಗಕ್ಕೆಂದು ಬರೆಸಿದ ಮಾತುಗಳು ಭೀಮೆಯ ದಡಕ್ಕೂ ಬಂದಿವೆ.

ಆ ಪ್ರತ್ಯೇಕ ಶಾಸನಗಳಲ್ಲಿ ಕರುಣೆಯಿದೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ಮಾತು ಅಲ್ಲಿಯದೇ. ಕಾರಣವಿಲ್ಲದೆ ಜನರನ್ನು ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎಂದು ಅಧಿಕಾರಿಗಳಿಗೆ ಆಜ್ಞೆಯಿದೆ. ಗಡಿಯಾಚೆಯ ಜನ ಹೆದರಬೇಕಿಲ್ಲ, ಕ್ಷಮಿಸಬಹುದಾದದ್ದನ್ನು ಅರಸ ಕ್ಷಮಿಸುತ್ತಾನೆ ಎಂಬ ಭರವಸೆಯಿದೆ. ಯುದ್ಧದ ಸಾವುಗಳ ಲೆಕ್ಕ, ಅರಸನ ಅನುತಾಪ ಧೌಲಿಯ ಬಂಡೆಯ ಮೇಲೆ ಇಲ್ಲ. ಕಳಿಂಗದವನೊಬ್ಬ ಆ ಸಾಲುಗಳನ್ನು ಓದಬೇಕಾದರೆ ಗಿರ್ನಾರಿಗೋ ಎರ್ರಗುಡಿಗೋ ನಡೆದು ಹೋಗಬೇಕಿತ್ತು.